ಮಿಣುಕುದೀಪದ ಪಾಠ

ಕಾಸರಗೋಡು ಸೀಮೆಯ ಆಟಿಯ ಮಳೆಯನ್ನು ಕಂಡವರಿಗೆ ಹಗಲು ಎರಡು ಗಂಟೆಗೇ ಮುಸ್ಸಂಜೆ ಕವಿಯುವುದು ಹೊಸತಲ್ಲ. ನಮ್ಮ ಕನ್ನಡ ಶಾಲೆಯ ಮೂರನೆಯ ತರಗತಿಯದು ಹಂಚಿನ ಮಾಡಿನ ಕೊಠಡಿ, ಕಿಟಿಕಿಗಳು ಎರಡೇ. ಆದುದರಿಂದ ಮಳೆಗಾಲದಲ್ಲಿ ನಮ್ಮ ಪಾಠಪ್ರವಚನಗಳೆಲ್ಲ ಎರಡು ಟ್ಯೂಬ್‌ಲೈಟುಗಳ ಕೃಪೆಯಿಂದ ನಡೆಯತಕ್ಕವು.

ಅವುಗಳಲ್ಲಿ ಹಿಂದಿನ ಬೆಂಚುಗಳ ಮೇಲಿನದಕ್ಕೆ ಕಳೆದ ಮಳೆಗಾಲದಲ್ಲಿ ಮುಪ್ಪು ಬಂತು. ತುದಿಗಳೆರಡೂ ಕಾಡಿಗೆ ಹಚ್ಚಿದಂತೆ ಕಪ್ಪಾದವು. ದೀಪ ಎಡೆಬಿಡದೆ ಮಿಣುಕತೊಡಗಿತು. ನಾವು ಬೆಂಚು ಹತ್ತಿ ಸ್ಟಾರ್ಟರನ್ನು ತುಸು ತಿರುಗಿಸಿ, ಬೆಳಗಿದರೆ ಧನ್ಯರೆಂದುಕೊಂಡು ಇಳಿಯುತ್ತಿದ್ದೆವು. ಅದೇ ದಿನಗಳಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಓದುವಾಗ ಒತ್ತಕ್ಷರಗಳನ್ನು ನುಂಗುತ್ತಿದ್ದಳು. ಮನೆಯ ಮಾತು ಮಲಯಾಳ; ಇವಳಿಗೆ ಕನ್ನಡ ಹತ್ತಲಿಲ್ಲವೆಂದು ನಾವು ತೀರ್ಮಾನಿಸಿದೆವು. ಒಂದು ದಿನ ಗದರಿಸಿಯೂ ಬಿಟ್ಟೆವು. ಮರುದಿನ ಅವಳು ಪುಸ್ತಕ ಹಿಡಿದು ಕಿಟಿಕಿಯ ಬಳಿ ನಿಂತು, ಎರಚಲಿಗೆ ನೆನೆಯುತ್ತಲೇ, ಒಂದೂ ತಪ್ಪಿಲ್ಲದೆ ಓದಿದಳು. “ಅಲ್ಲಿ ಅಕ್ಷರ ಹಾರ್ತದೆ ಮಾಷ್ಟ್ರೇ” ಎಂದಳು. ನಮಗೆ ಮಾತು ಹೊರಡಲಿಲ್ಲ.

ಆ ಶನಿವಾರವೇ ವಯರ್‌ಮನ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ಮೈನ್ ಸ್ವಿಚ್ ಆರಿಸಿ, ಬಳಿಕ ನಮಗೆ ಪಾಠ ಹೇಳಿದರು. ಟ್ಯೂಬಿನ ತುದಿಗಳಲ್ಲಿ ತಂತಿಯ ಸಣ್ಣ ಸುರುಳಿಗಳುಂಟು. ಅವಕ್ಕೆ ಸವರಿದ ಲೇಪವು ಕಾಲಕ್ರಮದಲ್ಲಿ ಸವೆಯುವುದು. ಅದು ತೀರಿದ ಮೇಲೆ ಸ್ಟಾರ್ಟರು ಎಷ್ಟು ಎಬ್ಬಿಸಿದರೂ ದೀಪ ನಿಲ್ಲದು. ಚೋಕು ಮಾತ್ರ ವೃಥಾ ಬಿಸಿಯಾಗುವುದು.

ಹಳೆಯ ತರದ್ದನ್ನೇ ಹಾಕಿದರಾಗದೇ ಎಂದು ಕೇಳಿದೆವು. 40 ವಾಟಿನ ಹಳೆಯ ಟ್ಯೂಬಿಗೆ ಚೋಕಿನ ಖರ್ಚು ಬೇರೆ. ಎಲ್‌ಇಡಿಗೆ 20 ವಾಟು ಸಾಕು. ಅದಲ್ಲದೆ ಹಳೆಯದರೊಳಗೆ ಪಾದರಸವಿದೆ. ಆ ಕಾರಣದಿಂದಲೇ ಮಿನಮಾಟ ಒಪ್ಪಂದದ ರಾಷ್ಟ್ರಗಳು ಇಂತಹ ಟ್ಯೂಬುಗಳ ತಯಾರಿಕೆಯನ್ನು 2027ರ ವೇಳೆಗೆ ನಿಲ್ಲಿಸಲು 2023ರಲ್ಲಿ ನಿಶ್ಚಯಿಸಿದುವು.

ನಮ್ಮ ಎರಡು ಪಟ್ಟಿಗಳು ಹೊರಗೆ ಒಂದೇ ತರ, ಒಳಗೆ ಬೇರೆ. ಹಿಂದಿನದರಲ್ಲಿ ಭಾರದ ಕಬ್ಬಿಣದ ಚೋಕು. ಅಲ್ಲಿ ಹಳೆಯ ಸ್ಟಾರ್ಟರನ್ನು ತೆಗೆದು, ಹೊಸ ಟ್ಯೂಬಿನೊಡನೆ ಬಂದದ್ದನ್ನು ಹಾಕಿದರೆ ಮುಗಿಯಿತು. ಅದು ನೋಡಲು ಸ್ಟಾರ್ಟರು, ಒಳಗೆ ಬರಿಯ ಫ್ಯೂಸು. “ಮುಂದಿನದಕ್ಕೆ ಹಾಗೆ ಆಗುದಿಲ್ಲ ಮಾಷ್ಟ್ರೇ, ಇಲೆಕ್ಟ್ರಾನಿಕ್ ಚೋಕು” ಎಂದು, ಅದರ ಚೋಕನ್ನೇ ಕಳಚಿ, ಟ್ಯೂಬಿನ ಮೇಲೆ ಅಚ್ಚಾದ ನಕ್ಷೆಯಂತೆ ತಂತಿಗಳನ್ನು ನೇರವಾಗಿ ಜೋಡಿಸಿದರು. ಇನ್ನು ಯಾರಾದರೂ ಅರಿಯದೆ ಹಳೆಯ ಟ್ಯೂಬನ್ನು ಅಲ್ಲಿ ಸಿಕ್ಕಿಸಿದರೆ ಅಪಾಯ. ಗುರುತು ಬರೆದಿಡಿ ಎಂದು ಎಚ್ಚರಿಸಿದರು.

ಹಳೆಯ ಟ್ಯೂಬುಗಳನ್ನು ಒಡೆಯದಂತೆ ಹೊಸವುಗಳ ರಟ್ಟಿನ ಕೊಳವೆಯಲ್ಲಿಟ್ಟು, ಹರಿತ ಕರ್ಮಸೇನೆಯವರಿಗೆ ಒಪ್ಪಿಸುವ ತನಕ ಮಕ್ಕಳ ಕೈಗೆಟುಕದಂತೆ ಕಾಪಾಡಿದೆವು.

ಸೋಮವಾರ, ಆ ಹುಡುಗಿಯನ್ನು ಗದರಿಸಿದ್ದು ನಮ್ಮ ತಪ್ಪೆಂದು ತರಗತಿಯೆದುರೇ ಹೇಳಿದೆವು. ಅವಳು ತಲೆ ತಗ್ಗಿಸಿ ನಕ್ಕಳು. ಬಳಿಕ ಮುಂದಿನ ಪಟ್ಟಿಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದ ಚೀಟಿಯನ್ನು ಅಂಟಿಸಿದೆವು. ನಾವು ಬೆಂಚಿನಿಂದ ಇಳಿಯುವ ಮೊದಲೇ ಹಿಂದಿನ ಸಾಲಿನಿಂದ ಅವಳ ದನಿ ಕೇಳಿಸಿತು: “ಈ ಪಟ್ಟಿಗೆ ಎಲ್‌ಇಡಿ ಮಾತ್ರ.” ಒಂದು ಒತ್ತೂ ತಪ್ಪಿರಲಿಲ್ಲ. ಹೊರಗೆ ಮಳೆ ಸುರಿಯುತ್ತಲೇ ಇತ್ತು.