‘ಇಟ್’ ನಡುವ ಕೂಡ್ತದ

ನಮ್ಮ ಓಣ್ಯಾಗ ಬಾಣಂತನಕ್ಕಂತ ಪರದೇಶಕ್ಕ ಹೋಗಿ ಬಂದವರು ಈಗ ಭಾಳ ಮಂದಿ ಇದ್ದೀವಿ. ಇನ್ನ ಮುಂದ ಹೋಗೋರೂ ಇದ್ದಾರ. ಹೋಗೋದಕ್ಕ ಮೊದ್ಲ ಎಲ್ಲಾರೂ ಕೇಳೋದು ಎರಡೇ ಮಾತು: ಅಂಟಿನುಂಡಿ ಎಷ್ಟು ಒಯ್ಯಲಿ, ಥಂಡಿ ಎಷ್ಟಿರ್ತದ. ಇಂಗ್ಲೀಷಿನ ಸುದ್ದಿ ತಗದ್ರ “ಅಲ್ಲೆ ಮಗಳು, ಅಳಿಯ ಇರ್ತಾರಲಾ, ನಮಗ್ಯಾಕ ಬೇಕ್ರೀ ಅದು” ಅಂತಾರ.

ಬೇಕಾಗ್ತದ ವೈನಿ. ಮಗಳು ಕೂಸಿನ್ನ ಹಾಕ್ಕೊಂಡು ಮ್ಯಾಲಿನ ಖೋಲ್ಯಾಗ ಮಲಗಿರ್ತಾಳ, ಅಳಿಯ ಆಫೀಸಿಗೆ ಹೋಗಿರ್ತಾರ. ಕೆಳಗ ನಾವು ಮತ್ತ ಮೂರು ವರ್ಷದ ದೊಡ್ಡ ಮೊಮ್ಮಗ, ಇಬ್ಬರೇ. ನಾ ಇಂಗ್ಲಂಡಿಗೆ ಹೋದಾಗ ನಂದೂ ಹಿಂಗೇ ಇತ್ತು. ಅವಂಗ ಕನ್ನಡ ತಿಳೀತದ, ಆದ್ರ ಬಾಯಿಗೆ ಬರೋದು ಇಂಗ್ಲೀಷು. ಹೆದರಿದಾಗ, ಅಳೋ ಮುಂದ ಅಂತೂ ಬರೇ ಇಂಗ್ಲೀಷು. ಆ ಹೊತ್ತಿನಾಗ ಅಜ್ಜಿಗೆ ತಿಳೀಲಿಲ್ಲ ಅಂದ್ರ ಕೂಸು ಯಾರ ಕಡೆ ಹೋಗಬೇಕು?

ನಾ ಪಿ.ಯು.ಸಿ. ತನಕ ಇಂಗ್ಲೀಷ್ ಓದಿದಾಕಿ. ರಿಮೂವ್, ಕಲೆಕ್ಟ್, ಎಕ್ಸ್‌ಟಿಂಗ್ವಿಶ್ ಅಂಥ ದೊಡ್ಡ ದೊಡ್ಡ ಶಬ್ದ ಗೊತ್ತು. ಆದ್ರ ಮನ್ಯಾಗ ದಿನಾ ಬಳಸೋದು ಬ್ಯಾರೇನೇ. ಒಂದು ಸಣ್ಣ ಕ್ರಿಯಾಪದ, ಅದಕ್ಕೊಂದು ಸಣ್ಣ ಬಾಲ. ಟರ್ನ್ ಆಫ್ ಅಂದ್ರ ಬಂದ್ ಮಾಡೋದು. ಟೇಕ್ ಆಫ್ ಅಂದ್ರ ಮೈಮ್ಯಾಲಿಂದು ಕಳಚೋದು, ಪುಟ್ ಆನ್ ಅಂದ್ರ ಹಾಕ್ಕೊಳ್ಳೋದು. ಪುಟ್ ಅವೇ ಅಂದ್ರ ತಗದು ಜಾಗಾದಾಗ ಇಡೋದು. ಇವಕ್ಕ ಫ್ರೇಜಲ್ ವರ್ಬ್ ಅಂತಾರ ಅಂತ ಮಗಳು ಹೇಳಿದ್ಲು.

ಇವುಗಳದೊಂದು ರೀತಿ ಅದ. ವಸ್ತುವಿನ ಹೆಸರು ಹೇಳಿದ್ರ ಅದನ್ನ ಬಾಲದ ಮುಂದೂ ಇಡಬಹುದು, ಹಿಂದೂ ಇಡಬಹುದು. ‘ಟರ್ನ್ ಆಫ್ ದ ಗ್ಯಾಸ್’ ಅಂದ್ರೂ ಸರಿ, ‘ಟರ್ನ್ ದ ಗ್ಯಾಸ್ ಆಫ್’ ಅಂದ್ರೂ ಸರಿ. ಆದ್ರ ಗ್ಯಾಸಿನ ಹೆಸರು ಬಿಟ್ಟು ‘ಇಟ್’ ಅಂದ್ರ ಅದು ನಡುವನೇ ಕೂಡಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅಂತ ಅಲ್ಲೆ ಹುಟ್ಟಿ ಬೆಳದವರು ಅನ್ನಂಗಿಲ್ಲ. ಹಿಮ್, ಹರ್, ದೆಮ್, ಮಿ, ಅಸ್ ಎಲ್ಲಾದಕ್ಕೂ ಇದೇ ಕಾಯ್ದೆ. ಮಗನ್ನ ಎಬ್ಬಸು ಅನ್ನಲಿಕ್ಕೆ ‘ವೇಕ್ ಹಿಮ್ ಅಪ್’. ಆಟಗಿ ಸಾಮಾನು ತಗದಿಡು ಅನ್ನಲಿಕ್ಕೆ ‘ಪುಟ್ ದೆಮ್ ಅವೇ’.

ಯಾಕ ಹಿಂಗ ಅಂದ್ರ, ಯಾವುದರ ಸುದ್ದಿ ಅಂತ ಇಬ್ಬರಿಗೂ ಮೊದ್ಲೇ ಗೊತ್ತಿದ್ದಾಗನೇ ಅಲ್ಲಾ ನಾವು ‘ಅದು’ ಅನ್ನೋದು? ಹಿಂಗಾಗಿ ‘ಇಟ್’ ಅನ್ನೋದು ಹಗುರ ಶಬ್ದ, ಅದರ ಮ್ಯಾಲೆ ಒತ್ತು ಬೀಳಂಗಿಲ್ಲ. ಒತ್ತು ಬೀಳೋದು ಬಾಲದ ಮ್ಯಾಲೆ. ಇಂಗ್ಲೀಷಿನಾಗ ಭಾರದ್ದು, ಹೊಸಾದು ಕಡೀಕ ಬರೋದು ರೂಢಿ. ಹೆಸರೇ ಉದ್ದ ಇದ್ರ, ಅಂದ್ರ ‘ನೀ ಪಾರ್ಕಿಗೆ ಹಾಕ್ಕೊಂಡು ಹೋಗಿದ್ದ ಹಸಿ ಬೂಟು’ ಅಂತ ಹೇಳೋದಿದ್ರ, ಅದು ಭಾರ ಆತು ಅಂತ ಬಾಲದ ಹಿಂದ ಹೋಗ್ತದ.

ಬಾಲಕ್ಕ ಎಷ್ಟು ಕಿಮ್ಮತ್ತು ಅಂತ ನಮಗೂ ಗೊತ್ತದ ನೋಡ್ರಿ. ನಾವು “ಫ್ಯಾನ್ ಆಫ್ ಮಾಡು, ಟೀವಿ ಆನ್ ಮಾಡು” ಅಂತೀವಿ. ‘ಟರ್ನ್’ ಬಿಟ್ಟು ಬಾಲ ಅಷ್ಟೇ ಕನ್ನಡಕ್ಕ ತಂದೀವಿ! “ಅದನ್ನ ಆಫ್ ಮಾಡು” ಅನ್ನೋ ಮುಂದ ನಮ್ಮ ‘ಅದನ್ನ’ನೂ ಬಾಲದ ಮುಂದೇ ಬರ್ತದ.

ಅಡಗಿ ಮನ್ಯಾಗ ಈ ಬಾಲ ಭಾಳ ಮುಖ್ಯ. ‘ಟರ್ನ್ ಇಟ್ ಆಫ್’ ಅಂದ್ರ ಒಲಿ ಆರಸು. ‘ಟರ್ನ್ ಇಟ್ ಡೌನ್’ ಅಂದ್ರ ಉರಿ ಸಣ್ಣ ಮಾಡು. ‘ಟರ್ನ್ ಇಟ್ ಅಪ್’ ಅಂದ್ರ ದೊಡ್ಡದು ಮಾಡು. ಮೊದಲಿನ ಎರಡು ಶಬ್ದ ಮೂರರಾಗೂ ಒಂದೇ. ಅದಕ್ಕ ಕಡೀ ಶಬ್ದ ಕಿವಿಗೆ ಬೀಳೋ ತನಕ ಕೈ ಹಾಕಬಾರದು. ಒಂದಿನ ಜಾಕೀಟಿನ ಝಿಪ್ ಗದ್ದಕ್ಕ ಚಿಮಟಿ ಕೂಸು ಚೀರಲಿಕ್ಕೆ ಹತ್ತಿತು, “ಟೇಕ್ ಇಟ್ ಆಫ್, ಅಜ್ಜಿ!” ಅಂತ. ‘ಆಫ್’ ಕೇಳಿದ್ದೇ ತಡ, ಝಿಪ್ ಕೆಳಗ ಇಳಿಸಿ ಜಾಕೀಟು ತಗದೆ. ಮಗಳು ಮ್ಯಾಲಿಂದ ಇಳದು ಬರೋದ್ರಾಗ ಅಂವ ನನ್ನ ತೊಡಿ ಮ್ಯಾಲೆ ಕೂತು ಬಾಳೆಹಣ್ಣು ತಿನ್ನಲಿಕ್ಕೆ ಹತ್ತಿದ್ದ.

ಹಂಗಂತ ಎಲ್ಲಾ ಕಡೆ ನಡುವ ತುರುಕಬ್ಯಾಡ್ರಿ. ‘ಲುಕ್ ಆಫ್ಟರ್ ಹಿಮ್’ ಅಂದ್ರ ಅವನ್ನ ನೋಡ್ಕೋ. ‘ಲುಕ್ ಫಾರ್ ಇಟ್’ ಅಂದ್ರ ಅದನ್ನ ಹುಡುಕು. ಬಸ್ಸು ಹತ್ತಲಿಕ್ಕೆ ‘ಗೆಟ್ ಆನ್ ಇಟ್’. ಇವು ಒಡೆಯಂಗಿಲ್ಲ. ಗುರ್ತು ಹಿಡಿಯೋದು ಹೆಂಗ ಅಂದ್ರ, ಹೆಸರನ್ನ ನಡುವ ಇಟ್ಟು ನೋಡ್ರಿ. ‘ಟರ್ನ್ ದ ಟೀವಿ ಆಫ್’ ಆಗ್ತದ, ಅದಕ್ಕ ಇಟ್ ನಡುವ. ‘ಲುಕ್ ದ ಬೇಬಿ ಆಫ್ಟರ್’ ಆಗಂಗಿಲ್ಲ, ಅದಕ್ಕ ಹಿಮ್ ಕಡೀಕ. ಮೂರು ಶಬ್ದದ್ದು ಇದ್ರೂ ಬಹುತೇಕ ಹಂಗೇ. ಮನ್ಯಾಗ ಹಾಲು ತೀರಿದ್ರ ‘ವಿ ರ‍್ಯಾನ್ ಔಟ್ ಆಫ್ ಇಟ್’. ಜಾಗಾ ಬದಲಾದ್ರ ಅರ್ಥನೇ ಬದಲಾಗೋದೂ ಅದ. ‘ಸೀ ಇಟ್ ಥ್ರೂ’ ಅಂದ್ರ ಹಿಡಿದ ಕೆಲಸ ಮುಗಿಸಿಬಿಡೋದು, ‘ಸೀ ಥ್ರೂ ಇಟ್’ ಅಂದ್ರ ಒಳಗಿನ ಠಕ್ಕು ತಿಳಕೊಳ್ಳೋದು.

ನಮಗಷ್ಟೇ ಇದು ಕಠಿಣ ಅಂತ ತಿಳೀಬ್ಯಾಡ್ರಿ. ಸ್ಯಾಮ್ಯುಯೆಲ್ ಜಾನ್ಸನ್ ಅನ್ನೋ ಪಂಡಿತರು 1755ರಾಗ ದೊಡ್ಡ ಇಂಗ್ಲೀಷ್ ನಿಘಂಟು ತಂದ್ರು. ಹೊರಗಿನವರಿಗೆ ಭಾಳ ತ್ರಾಸ ಕೊಡೋದು ಈ ಬಾಲದ ಕ್ರಿಯಾಪದಗಳೇ ಅಂತ ಅದರ ಮುನ್ನುಡ್ಯಾಗ ಅವರೇ ಬರದಾರ.

ನಂಗ ಎಲ್ಲಾದಕ್ಕಿಂತ ಹತ್ತಿರಾದದ್ದು ‘ಪಿಕ್ ಅಪ್’. ಅದಕ್ಕ ಎರಡು ಅರ್ಥ. ನರ್ಸರ್ಯಾಗ ಟೀಚರ್ “ಹೂ ವಿಲ್ ಪಿಕ್ ಹಿಮ್ ಅಪ್?” ಅಂತ ಕೇಳಿದ್ರ ಕರಕೊಂಡು ಹೋಗೋರು ಯಾರು ಅಂತ. ಅದೇ ಕೂಸು ಹೊರಗ ಬಂದು ಎರಡೂ ಕೈ ಮ್ಯಾಲೆ ಮಾಡಿ “ಪಿಕ್ ಮಿ ಅಪ್” ಅಂದ್ರ ಎತ್ತಿಕೋ ಅಂತ. ಎತ್ತಿಕೊಂಡಾಗೆಲ್ಲಾ ನಾ “ಎತ್ಕೋ ಅನ್ನು” ಅಂತಿದ್ದೆ. ಆರು ತಿಂಗಳು ಮುಗಿಯೋದ್ರಾಗ ನನ್ನ ಮುಂದ ಅಷ್ಟೇ ಅಂವ “ಅಜ್ಜಿ, ಎತ್ಕೋ” ಅನ್ನಲಿಕ್ಕೆ ಹತ್ತಿದ. ಅವನ ಮಾತು ನಾ ಅಷ್ಟು ಕಲಿತೆ, ನನ್ನ ಮಾತು ಅಂವ ಇಷ್ಟು ಕಲಿತ.

ಹೋಗೋರು ಇವನ್ನ ಬಿಡಿ ಬಿಡಿಯಾಗಿ ಬಾಯಿಪಾಠ ಮಾಡಬ್ಯಾಡ್ರಿ. ‘ಇಟ್’ ಸೇರಿಸೇ ಒಂದೇ ಉಸುರಿನಾಗ ಅನ್ರಿ: ಟರ್ನಿಟಾಫ್, ಟೇಕಿಟಾಫ್, ಪುಟಿಟಾನ್. ಅವರು ಅನ್ನೋದೂ ಹಂಗೇ ಕೇಳಸ್ತದ. ಇಂಥಾವು ಒಂದು ಹತ್ತು ಕ್ಯಾಲೆಂಡರಿನ ಹಿಂದ ಕನ್ನಡದಾಗೇ ಬರಕೊಂಡು, ಉಂಡಿ ಕಟ್ಟೋ ಮುಂದ ಹೇಳ್ಕೋತ ಕೂಡ್ರಿ. ಉಂಡಿ ಮುಗಿಯೋದ್ರಾಗ ಬಾಯಿಗೆ ಬಂದಿರ್ತಾವ.