ಕಿನ್ನಾಳದ ಹಾದಿಯಲ್ಲಿ

ಕೊಪ್ಪಳದಿಂದ ಕಿನ್ನಾಳಕ್ಕೆ ನಾವು ಹೊರಟುದು ನಮ್ಮ ಹಳೆಯ ಜಾವಾ ಮೋಟಾರುಸೈಕಲ್ಲಿನ ಮೇಲೆ. ಅದನ್ನು ಹಡೆದ ಮೈಸೂರಿನ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. ಬಿಡಿಭಾಗ ಕೆಟ್ಟರೆ ಮತ್ತೊಂದು ಸುಲಭವಲ್ಲ. ಮಂದಗತಿಯಲ್ಲಿ ಸಾಧುವಾಗಿದ್ದ ವಾಹನವು ವೇಗವನ್ನು ಹೆಚ್ಚಿಸಿದೊಡನೆ ಕೆಮ್ಮಿ ಮುಗ್ಗರಿಸುತ್ತ, ಊರ ಅಗಸೆಯ ಬಳಿ ನಿಂತೇಬಿಟ್ಟಿತು.

ಚಿತ್ರಗಾರರೊಬ್ಬರ ಮನೆಯ ಕಟ್ಟೆಯ ಮೇಲೆ ಕಾರ್ಬುರೇಟರನ್ನು ಬಿಚ್ಚಿದೆವು. ಮಂದಗತಿಗೆ ಪೆಟ್ರೋಲು ಉಣಿಸುವ ಕಿರುಜೆಟ್ ಬೇರೆ, ವೇಗಕ್ಕೆ ಉಣಿಸುವ ಮುಖ್ಯಜೆಟ್ ಬೇರೆ. ಎರಡನೆಯದರ ರಂಧ್ರದಲ್ಲಿ ಟ್ಯಾಂಕಿನ ತುಕ್ಕು ಕುಳಿತಿತ್ತು. ವಾಹನವನ್ನು ವರ್ಷವೆಲ್ಲ ಮೂಲೆಯಲ್ಲಿರಿಸಿದ ದೋಷ ನಮ್ಮದೇ. ತಂತಿಯನ್ನು ತೂರಿಸಹೋದಾಗ ಆ ಹಿರಿಯರು, “ತಡೀರಿ ಮಾಸ್ತರ್ರ, ತೂತು ದೊಡ್ಡದಾಗತೈತಿ” ಎಂದು ಕುಂಚದ ಬಿರುಗೂದಲೊಂದನ್ನು ಕಿತ್ತುಕೊಟ್ಟರು. ಹಿತ್ತಾಳೆಯ ರಂಧ್ರವು ಎಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಪ್ರಮಾಣ ಕೆಡುವುದು. ಗೊಂಬೆಗಳಿಗೆ ಕಣ್ಣು ಬರೆಯುವ ಕೈಗೆ ಅದು ತಿಳಿದಿತ್ತು, ನಮಗೆ ಮರೆತಿತ್ತು!

ಹಿಂದಿರುಗುವಾಗ ವಾಹನವು ಮುಗ್ಗರಿಸಲಿಲ್ಲ. ಚೀಲದಲ್ಲಿ ಬಣ್ಣದ ಗರುಡನಿದ್ದನು.