ಒಂದು ಅಕ್ಷರದ ತಪ್ಪು

ಇತಿಹಾಸದ ವಿದ್ಯಾರ್ಥಿಗೆ ಕಂಪ್ಯೂಟರಿನ ಹುಚ್ಚು ಹತ್ತಿದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಪರೀಕ್ಷಾ ಶುಲ್ಕ ಕಟ್ಟುವ ಕಡೆಯ ದಿನವನ್ನು ಮುಂಚಿತವಾಗಿ ಗಂಟೆ ಹೊಡೆದು ತಿಳಿಸುವ ಪುಟ್ಟ ಆ್ಯಪೊಂದನ್ನು ಬರೆದು, ತರಗತಿಯ ಮಿತ್ರರಿಗೆಲ್ಲ ಹಂಚಿ, ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಹೀಗಿರಲು ವಿದ್ಯಾರ್ಥಿ ನಿಲಯದ ಗೆಳೆಯನೊಬ್ಬ ಬಂದು, "ನಿನ್ನ ಗಂಟೆ ನನ್ನ ಫೋನಿನಲ್ಲಿ ಹೊಡೆಯಲೇ ಇಲ್ಲವಯ್ಯ, ದಂಡ ತೆತ್ತು ಬಂದೆ" ಎಂದ. ಊರಿನಿಂದ ಅವನ ತಂದೆ ಕಳಿಸಿದ್ದ ಊಟದ ಹಣದಲ್ಲಿ ಆ ದಂಡ ಹೋಗಿತ್ತು.

ನನ್ನದು ಹಳೆಯ ಫೋನು, ಆಂಡ್ರಾಯ್ಡ್ 11. ಅವನದು ಆಂಡ್ರಾಯ್ಡ್ 13. ಅಂಥದನ್ನು ಕೊಳ್ಳುವ ಶಕ್ತಿ ನನಗೆಲ್ಲಿಯದು? ಕಂಪ್ಯೂಟರಿನೊಳಗೇ ಫೋನಿನ ವೇಷ ಹಾಕಿ ನಿಲ್ಲುವ ಎಮ್ಯುಲೇಟರ್ ಎಂಬ ತಂತ್ರಾಂಶವುಂಟು. ಆದರೆ ನನ್ನ 4 ಜಿಬಿಯ ಬಡ ಯಂತ್ರದಲ್ಲಿ ಅದು ಏದುಸಿರು ಬಿಡುತ್ತ ಕುಳಿತಿತು. ಕೊನೆಗೆ, ದೂರದ ಸರ್ವರುಗಳಲ್ಲಿ ಎಮ್ಯುಲೇಟರುಗಳನ್ನಿಟ್ಟು ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೇವೆಯೊಂದರ ಮೊರೆಹೊಕ್ಕೆ. ಇಂಥ ಆವೃತ್ತಿಯ ಫೋನನ್ನು ಎಬ್ಬಿಸು, ಆ್ಯಪನ್ನು ಹಾಕು, ಕೆಲಸವಾದ ಮೇಲೆ ಮುಚ್ಚು ಎಂದು ಜಾವಾಸ್ಕ್ರಿಪ್ಟಿನಲ್ಲಿ ಓಲೆ ಬರೆದು ಅಲ್ಲಿಗೆ ಕಳಿಸಬೇಕು. ಆಂಡ್ರಾಯ್ಡ್ 13ರ ಎಪಿಐ ಮಟ್ಟ 33. ಬರೆದೆ, ಕಳಿಸಿದೆ, ಗಂಟೆ ಸೊಗಸಾಗಿ ಹೊಡೆಯಿತು. "ದೋಷ ನಿನ್ನ ಫೋನಿನದು, ಮಹಾರಾಯ" ಎಂದು ನಾಲ್ವರ ಎದುರು ಗೆಳೆಯನಿಗೆ ಹೇಳಿಬಿಟ್ಟೆ. ಅವನು ಮಾತಾಡದೆ ಹೊರಟುಹೋದ.

ಕೆಲವು ದಿನಗಳ ಬಳಿಕ ಅದೇ ಓಲೆಯನ್ನು ಟೈಪ್‌ಸ್ಕ್ರಿಪ್ಟಿನಲ್ಲಿ ಬರೆಯಲು ಕುಳಿತೆ. 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಭಾಷೆ ಇದು. ಸೇವೆಯವರೇ ಕೊಟ್ಟಿದ್ದ ಟೈಪುಳ್ಳ ಕ್ಲೈಂಟು, ಓಲೆಯಲ್ಲಿ ಯಾವ ಹೆಸರುಗಳಿರಬೇಕು, ಎಲ್ಲಿ ಅಂಕಿ, ಎಲ್ಲಿ ಪದ ಎಂಬುದನ್ನೆಲ್ಲ ಮೊದಲೇ ಬಲ್ಲದು. ನನ್ನ ಹಳೆಯ ಸಾಲನ್ನು ಕಂಡೊಡನೆ ಕೆಂಪು ಗೆರೆ ಎಳೆದು, ಇಂಥ ಹೆಸರು ಇಲ್ಲಿಲ್ಲ, ನೀನು ಬರೆಯಹೊರಟದ್ದು ಇದೋ ಎಂದು ಕೇಳಿತು. ನೋಡುತ್ತೇನೆ, 'ಎಪಿಐಲೆವೆಲ್' ಎಂಬಲ್ಲಿ ಇಂಗ್ಲಿಷಿನ ದೊಡ್ಡ 'ಎಲ್' ಇರಬೇಕಾದೆಡೆ ಚಿಕ್ಕ 'ಎಲ್' ಇಟ್ಟಿದ್ದೇನೆ! ದೊಡ್ಡಕ್ಷರ ಚಿಕ್ಕಕ್ಷರಗಳ ತಾರತಮ್ಯವಿಲ್ಲದ ಕನ್ನಡದಲ್ಲಿ ಪಳಗಿದ ಕೈ ಇದು. ಗುರುತಿಲ್ಲದ ಆ ಹೆಸರನ್ನು ಸೇವೆ ಸದ್ದಿಲ್ಲದೆ ಬದಿಗಿಟ್ಟು, ತನ್ನ ರೂಢಿಯಂತೆ ಹಳೆಯ ಆವೃತ್ತಿಯೊಂದನ್ನು ಎಬ್ಬಿಸಿತ್ತು.

ತಿದ್ದಿ ಕಳಿಸಿದೆ. ನಿಜವಾದ ಆಂಡ್ರಾಯ್ಡ್ 13 ಎದ್ದಿತು, ಗಂಟೆ ಹೊಡೆಯಲಿಲ್ಲ. 2022ರಲ್ಲಿ ಬಂದ ಆ ಆವೃತ್ತಿಯಿಂದೀಚೆಗೆ, ಹೊಸದಾಗಿ ಹಾಕಿಕೊಂಡ ಆ್ಯಪು ಫೋನಿನ ಒಡೆಯನ ಅಪ್ಪಣೆಯಿಲ್ಲದೆ ಸೂಚನೆ ತೋರಿಸುವಂತಿಲ್ಲ. ನನ್ನ ಆ್ಯಪು ಅಪ್ಪಣೆ ಕೇಳಿರಲೇ ಇಲ್ಲ. ಗೆಳೆಯನ ಫೋನು ನಿರ್ದೋಷಿ, ಗೆಳೆಯನೂ.

ಕ್ಲೈಂಟನ್ನು ಸರ್ವಜ್ಞನೆಂದು ಹೊಗಳಲಾರೆ. 33ರ ಬದಲು 30 ಎಂದು ಬರೆದಿದ್ದರೆ ಅದೂ ಸುಮ್ಮನಿರುತ್ತಿತ್ತು. ಅದೂ ಅಂಕಿಯೇ ತಾನೆ? ಕೈತಪ್ಪಿದ್ದನ್ನು ಅದು ಹಿಡಿಯಬಲ್ಲದು. ಬಾಯಿತಪ್ಪಿ ಆಡಿದ್ದನ್ನು ಹಿಡಿಯುವ ಕ್ಲೈಂಟನ್ನು ಯಾರೂ ಬರೆದಿಲ್ಲ.

ಆ ಸಂಜೆ ನಿಲಯಕ್ಕೆ ನಡೆದುಹೋಗಿ, ಅದೇ ನಾಲ್ವರ ಎದುರು, "ತಪ್ಪು ನನ್ನದು" ಎಂದೆ. ದಂಡದ ಹಣ ಕೊಡಹೋದರೆ ಗೆಳೆಯ, "ಇರಲಿ ಬಿಡೋ, ಒಂದು ಲೋಟ ಕಾಫಿ ಕೊಡಿಸು" ಎಂದ. ಕಾಫಿ ಕುಡಿಯುತ್ತಿರುವಾಗಲೇ ಅವನ ಫೋನಿನಲ್ಲಿ ತಿದ್ದಿದ ಆ್ಯಪು ಅಪ್ಪಣೆ ಬೇಡಿತು. ಅವನು ನನ್ನ ಮುಖ ನೋಡಿ ನಕ್ಕು, ಕೊಟ್ಟ.